ಸೋರೆಕಾಯಿಗೆ ರೇಷ್ಮೆ ಕಟ್ಟಿದ ದೊರೆ

ಏಳು ಕೆರೆ ದಾಟಿ ಏಳು ಬೇಲಿ ಬಳಸಿ ಹೋದರೆ ಒಂದು ಊರಿತ್ತಂತೆ. ಆ ಊರಿಗೆ ಉದ್ದಂಡರಾಯ ಅಂತ ಒಬ್ಬ ದೊರೆ ಇದ್ದನಂತೆ. ಅವನಿಗೊಂದು ಕಾಯಿಲೆ. ಜ್ವರ ಅಲ್ಲ, ನೆಗಡಿ ಅಲ್ಲ. ಬೇರೆಯವರ ಹತ್ತಿರ ಏನಾದರೂ ಚೆನ್ನಾಗಿರೋದು ಕಂಡರೆ ಉಂಡ ಅನ್ನ ಅರಗುತ್ತಿರಲಿಲ್ಲ. ಯಾರದೋ ಎತ್ತು ಚೆನ್ನಾಗಿದೆ ಅಂದರೆ ಎತ್ತು ಅರಮನೆಗೆ. ಯಾರದೋ ಮೀಸೆ ಚೆನ್ನಾಗಿದೆ ಅಂದರೆ? ಮೀಸೆಯನ್ನ ಅರಮನೆಗೆ ಹೊಡೆದುಕೊಂಡು ಬರೋಕಾಗುತ್ತಾ? ಬೋಳಿಸಿಬಿಡೋದು. ಹಿಂಗಾಗಿ ಆ ಊರ ಗಂಡಸರೆಲ್ಲ ಮೂತಿ ಬೋಳಿಸಿಕೊಂಡೇ ಓಡಾಡುತ್ತಿದ್ದರಂತೆ.

ದೊರೆಗೆ ತಕ್ಕ ಹಾಗೆ ಒಬ್ಬ ಮಂತ್ರಿ. ಅವನಿಗೆ ‘ಗೊತ್ತಿಲ್ಲ’ ಅನ್ನೋ ಮಾತು ನಾಲಿಗೆ ಮೇಲೆ ಬರುತ್ತಲೇ ಇರಲಿಲ್ಲ. ಚಂದ್ರನಿಗೆ ಹೆಂಡತಿ ಎಷ್ಟು ಅಂದರೂ ಹೇಳೋನು, ಇರುವೆಗೆ ಹಲ್ಲು ಎಷ್ಟು ಅಂದರೂ ಹೇಳೋನು. ಯಾರು ಎಣಿಸಿ ನೋಡ್ತಾರೆ ಹೇಳಿ?

ಅದೇ ಊರಲ್ಲಿ ಹೊನ್ನಾಜಿ ಅಂತ ಒಬ್ಬಳು ಹೆಂಗಸು. ಅವಳ ಮನೆ ಹಿಂದೆ ನಾಲ್ಕು ಹೆಜ್ಜೆ ಅಗಲ, ಹತ್ತು ಹೆಜ್ಜೆ ಉದ್ದ ಒಂದು ಹಿತ್ತಲು. ಅಷ್ಟರಲ್ಲೇ ಬದನೆ, ಅವರೆ, ಬಚ್ಚಲ ನೀರು ಹೋಗೋ ಕಡೆ ಎರಡು ಬಾಳೆ, ಮೂಲೇಲಿ ಕರಿಬೇವು. ಎಲ್ಲಕ್ಕಿಂತ ಮೇಲಾಗಿ ಒಂದು ಸೋರೆ ಚಪ್ಪರ. ಆ ಸೋರೆ ಬೀಜ ಅವಳ ತವರಿನದು. ಮದುವೆಯಾಗಿ ಬರುವಾಗ ಅವಳವ್ವ ಮಡಿಲಿಗೆ ಹಾಕಿ ಕಳಿಸಿದ್ದು. ಆ ಅವ್ವ ಈಗಿಲ್ಲ, ತವರಿನ ದಾರಿಯೂ ಇಲ್ಲ. ಬೀಜ ಒಂದು ಉಳಕೊಂಡಿತ್ತು.

ಆ ಸೀಮೆಯಲ್ಲಿ ಒಂದು ಪದ್ಧತಿ. ಬೀಜಕ್ಕೆ ಅಂತ ಬಿಟ್ಟ ಕಾಯಿಗೆ ಒಂದು ಬಟ್ಟೆ ಚೂರು ಕಟ್ಟೋರು. ಬಟ್ಟೆ ಕಟ್ಟಿದ ಕಾಯಿಯನ್ನ ಮಕ್ಕಳು ಮುಟ್ಟೋ ಹಂಗಿಲ್ಲ, ಕಳ್ಳ ಕೂಡ ಮುಟ್ಟೋ ಹಂಗಿಲ್ಲ. ಅದು ಬಳ್ಳಿ ಮೇಲೇ ಬಲಿತು ಒಣಗಬೇಕು. ಹಂಗೇ ಬಟ್ಟೆ ಕಟ್ಟಿದ ಮನೆಯವರು, ಯಾರೇ ಬಂದು ಸೆರಗೊಡ್ಡಿ ಬೀಜ ಕೇಳಿದರೂ ಇಲ್ಲ ಅನ್ನೋ ಹಂಗಿಲ್ಲ. ಹೊನ್ನಾಜಿ ವರ್ಷ ವರ್ಷ ಒಂದು ಕಾಯಿಗೆ ಬಟ್ಟೆ ಕಟ್ಟೋಳು, ಊರಿಗೆಲ್ಲ ಹಂಚೋಳು. ಊರವರು ಬಲು ಜಾಣರು ನೋಡಿ, ‘ಹೊನ್ನಾಜಿ ಹತ್ರ ಐತಲ್ಲ ಬಿಡು’ ಅಂತ ತಮ್ಮ ಹಿತ್ತಲ ಕಾಯಿಯನ್ನೆಲ್ಲ ಒಂದೂ ಬಿಡದೆ ತಿಂದು ಮುಗಿಸೋರು.

ಒಂದು ವರ್ಷ ಸಂಕ್ರಾಂತಿ ದಿವಸ ಉದ್ದಂಡರಾಯ ಕುದುರೆ ಮೇಲೆ ಅದೇ ಬೀದಿಗೆ ಬಂದನಂತೆ. ಕುದುರೆ ಮೇಲೆ ಕೂತವನಿಗೆ ಬೇಲಿ ಆಚೆದೂ ಕಾಣುತ್ತೆ. ಚಪ್ಪರದಲ್ಲಿ ಒಂದು ಸೋರೆಕಾಯಿ, ಕೊಡಪಾನದಷ್ಟು ಗಾತ್ರ, ಕೊರಳಿಗೆ ಒಂದು ಕೆಂಪು ಬಟ್ಟೆ. ದೊರೆಯ ಹೊಟ್ಟೆಯೊಳಗೆ ಚುರ್ ಅಂತು.

“ಮಂತ್ರೀ, ಆ ಬಟ್ಟೆ ಏನು?”

ಮಂತ್ರಿ ಹುಟ್ಟಿದಾಗಿನಿಂದ ಹಿತ್ತಲಿಗೆ ಕಾಲಿಟ್ಟವನಲ್ಲ. ಆದರೂ ಹೇಳಿದ: “ಮಹಾಪ್ರಭು, ಅದು ಪಟ್ಟದ ಬಟ್ಟೆ. ಅದನ್ನು ಕಟ್ಟಿದ್ದಕ್ಕೇ ಕಾಯಿ ಹಾಗೆ ಊದಿದೆ.”

“ಏನು! ನನ್ನ ಅಪ್ಪಣೆ ಇಲ್ಲದೆ ಸೋರೆಕಾಯಿಗೆ ಪಟ್ಟವೇ?”

ಹೊನ್ನಾಜಿಯನ್ನ ಕರೆಸಿದರು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. “ಬುದ್ಧೀ, ಪಟ್ಟನೂ ಇಲ್ಲ ಗಿಟ್ಟನೂ ಇಲ್ಲ. ಬೀಜಕ್ಕೆ ಬಿಟ್ಟಿದ್ದೀನಿ, ಯಾರೂ ಕೀಳದಿರಲಿ ಅಂತ ಬಟ್ಟೆ ಕಟ್ಟಿದ್ದೀನಿ. ಅಷ್ಟೇಯ.”

ಇಷ್ಟು ಸಲೀಸಾದ ಮಾತನ್ನ ಅರಮನೆಯವರು ನಂಬಿದ್ದುಂಟೇ? “ಗುಟ್ಟು ಮುಚ್ಚಿಡ್ತಾಳೆ” ಅಂದ ಮಂತ್ರಿ. ದೊರೆ ಅಲ್ಲೇ ಆಜ್ಞೆ ಮಾಡಿದ. “ಮುಂದಿನ ಸಂಕ್ರಾಂತಿಗೆ ನನ್ನ ಕಾಯಿಗೂ ನಿನ್ನ ಕಾಯಿಗೂ ಅಳತೆ. ನಿನ್ನದು ಒಂದು ಬೆರಳು ದೊಡ್ಡದಾದರೂ ನಿನ್ನ ಹಿತ್ತಲು ಅರಮನೆಗೆ ಸೇರಿತು. ಬೆಳೆಯದೆ ಸುಮ್ಮನಿದ್ದರೂ ಸೇರಿತು. ಮಳೆ ಮಳೆಗೂ ಬಂದು ನಮ್ಮ ಹೂದೋಟದವರಿಗೆ ಕೆಲಸ ಹೇಳಿಕೊಡಬೇಕು.”

ಆಳುಗಳು ಆ ಕಾಯಿ ಒಡೆದು ಬೀಜ ಬಾಚಿಕೊಂಡರು. ಮನೆಯೊಳಗೆ ಕುಡಿಕೆಯಲ್ಲಿ ಬೂದಿ ಬೆರೆಸಿಟ್ಟಿದ್ದ ಬೀಜಾನೂ ಎತ್ತಿಕೊಂಡರು. ಮಂತ್ರಿ ಅದರೊಳಗಿಂದ ಒಂದೇ ಒಂದು ಬೀಜ ತೆಗೆದು ಹೊನ್ನಾಜಿ ಕೈಲಿಟ್ಟ. “ನಮಗೆ ಒಂದು ಕುಡಿಕೆ, ನಿನಗೆ ಒಂದು ಬೀಜ. ಒಂದಕ್ಕೆ ಒಂದು, ಸರಿಯಾಯಿತಲ್ಲ?” ಅಂದ. ನ್ಯಾಯ ಅಂದರೆ ಹಂಗಿರಬೇಕು ಕಣ್ರಪ್ಪ!

ಅಶ್ವಿನಿ ಮಳೆ ಬಂತು. ಹೊನ್ನಾಜಿ ಅರಮನೆಗೆ ಹೋಗಿ ಹೇಳಿದಳು, “ಗುಂಡಿ ತೆಗೀರಿ, ಕೊಟ್ಟಿಗೆ ಗೊಬ್ಬರ ತುಂಬ್ರಿ, ಮೇಲೆ ಒಂದು ಹಿಡಿ ಒಲೆ ಬೂದಿ ಹಾಕಿ.” ಅರಮನೆ ಅಂಗಳಕ್ಕೆ ಸಗಣಿಯೇ ಅಂತ ಮೂರು ದಿನ ಸಭೆ ನಡೆಯಿತು. ಕೊನೆಗೆ ಪಟ್ಟದ ಆನೆಯ ಲದ್ದಿಯಾದರೆ ಆಗಬಹುದು ಅಂತ ಠರಾವು. ಲದ್ದಿಯನ್ನ ಪಲ್ಲಕ್ಕಿ ಮೇಲಿಟ್ಟು ವಾಲಗ ಊದಿಸಿಕೊಂಡು ರಾಜಬೀದಿಯಲ್ಲಿ ತಂದರು. ಜನ ಎದ್ದು ನಿಂತು ಕೈ ಮುಗಿದರು. ಒಬ್ಬ ಮುದುಕ ಕೈ ಮುಗಿಯಲಿಲ್ಲ ಅಂತ ಅವನಿಗೆ ಛಡಿ ಏಟೂ ಬಿತ್ತಂತೆ.

ರೋಹಿಣಿ ಮಳೆಗೆ ಬೀಜ ಊರಿದರು. ದೊರೆಗೆ ತಡೆಯಲಿಲ್ಲ. ಬೆಳಗಾದರೆ “ಮೊಳಕೆ ಬಂತಾ, ತೆಗೆದು ತೋರಿಸಿ” ಅನ್ನೋನು. ಆಳುಗಳು ಕೆದಕಿ ತೋರಿಸೋರು, ಮತ್ತೆ ಮುಚ್ಚೋರು. ಅರ್ಧಕ್ಕರ್ಧ ಬೀಜ ಹಂಗೇ ಸತ್ತವು. ಹೊನ್ನಾಜಿಗೆ ಹೊಟ್ಟೆ ಉರಿದುಹೋಯಿತು. “ಬುದ್ಧೀ, ಮಣ್ಣು ಮುಚ್ಚಿದ ಮೇಲೆ ಬಾಯಿ ಮುಚ್ಚಿ ಎಂಟು ದಿನ ಕಾಯಬೇಕು. ಹಿಂಗೆ ದಿನಾ ಎಬ್ಬಿಸಿ ನೋಡಿದರೆ ಯಾವ ಮಗು ಬೆಳೆದೀತು?” ಅಂದುಬಿಟ್ಟಳು. ಅಷ್ಟು ಹೊತ್ತಿಗೆ ದೊರೆಗೂ ಬೇಜಾರಾಗಿತ್ತು, ನವಿಲು ನೋಡೋಕೆ ಹೋದ. ಅವನು ಆ ಕಡೆ ಹೋಗಿದ್ದಕ್ಕೆ ಉಳಿದ ಬೀಜ ಮೊಳೆತವು.

ಹೊನ್ನಾಜಿ ಮನೆಗೆ ಬಂದರೆ ಪಕ್ಕದ ಮನೆ ಸಾಕವ್ವ ಸೆರಗೊಡ್ಡಿಕೊಂಡು ನಿಂತಿದ್ದಳು. “ಅಕ್ಕಾ, ಎರಡು ಸೋರೆ ಬೀಜ ಕೊಡಕ್ಕ.”

ಹೊನ್ನಾಜಿ ಬದುಕಿನಲ್ಲಿ ಮೊದಲ ಸಲ ಆ ಮಾತು ಆಡಿದಳು: “ಇಲ್ಲ ಕಣೆ.”

ಸಾಕವ್ವ ನಂಬದೆ ಸೆರಗು ಹಂಗೇ ಹಿಡಕೊಂಡು ನಿಂತಳು. ಹೊನ್ನಾಜಿಗೆ ಅವಮಾನದಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅವತ್ತು ಗೊತ್ತಾಯಿತು, ಊರಲ್ಲಿ ಯಾರ ಮನೆಯಲ್ಲೂ ಒಂದು ಸೋರೆ ಬೀಜ ಇಲ್ಲ. ಇರೋದು ಅವಳ ಚಪ್ಪರದ ಬುಡದಲ್ಲಿ ಮೊಳೆತ ಒಂದೇ ಬಳ್ಳಿ. ಇನ್ನೆಲ್ಲ ಅರಮನೆಯಲ್ಲಿ.

ಮಖೆ ಮಳೆಗೆ ಎರಡು ಕಡೆಯೂ ಹೂವುದುರಿ ಎಳೇ ಈಚು ಕಟ್ಟಿತು. ಈಚುಗಾಯಿಗೆ ಬೆರಳು ತೋರಿಸಿದರೆ ಕೊಳೆತು ಬೀಳುತ್ತೆ ಅಂತ ಹೊನ್ನಾಜಿ ಯಾವುದೋ ಮಾತಿಗೆ ಅಂದಿದ್ದಳು. ಮಾರನೇ ದಿನದಿಂದ ತೋಟಕ್ಕೆ ಬರೋರೆಲ್ಲ ಮುಷ್ಟಿ ಬಿಗಿಹಿಡಿದೇ ಬರಬೇಕು ಅಂತ ಕಟ್ಟಪ್ಪಣೆ. ತೋಟದ ಆಳುಗಳು ಮುಷ್ಟಿ ಕಟ್ಟಿಕೊಂಡೇ ಕಳೆ ಕಿತ್ತರು, ಮುಷ್ಟಿ ಕಟ್ಟಿಕೊಂಡೇ ನೀರು ಹೊಯ್ದರು. ಯಾರು ಕಳೆ ಕಿತ್ತರೋ, ಯಾರು ಬಳ್ಳಿ ಕಿತ್ತರೋ ಆ ದೇವರಿಗೇ ಗೊತ್ತು. ಇಷ್ಟಾದರೂ ಕಾಯಿ ನಿಂತವು ಅಂದರೆ ಅದು ಹೊನ್ನಾಜಿಯ ಅವ್ವನ ಬೀಜದ ಗಟ್ಟಿತನ.

ಆದರೆ ಅರಮನೆಯಲ್ಲಿ ಕಾಯಿ ದೊಡ್ಡದಾಗೋಕೆ ಬಿಟ್ಟರಲ್ಲವೇ? ಎಳೇ ಕಾಯಿ ರುಚಿ ಹತ್ತಿ ದೊರೆ ದಿನಾ ಪಲ್ಯ ಮಾಡಿಸಿಕೊಂಡು ತಿನ್ನೋನು. ಹೊನ್ನಾಜಿಯ ಹಿತ್ತಲಲ್ಲೋ, ಅವಳು ಬಟ್ಟೆ ಕಟ್ಟಿ ಬಿಟ್ಟಿದ್ದ ಒಂದು ಕಾಯಿ ದಿನಕ್ಕೊಂದು ಗೇಣು ಅನ್ನೋ ಹಂಗೆ ಬೆಳೀತಾ ಹೋಯಿತು. ಅದು ಬೆಳೆದಷ್ಟೂ ಅವಳು ಸೊರಗಿದಳು. ಕಾಯಿ ಉಳಿಸಿಕೊಂಡರೆ ಹಿತ್ತಲು ಹೋಗುತ್ತೆ. ಕಾಯಿ ಕೊಯ್ದರೆ ಹಿತ್ತಲು ಉಳಿಯುತ್ತೆ, ಅವ್ವನ ಬೀಜ ಮುಗಿದುಹೋಗುತ್ತೆ. ಚಪ್ಪರದ ಕೆಳಗೆ ಕೂತು ಅತ್ತಳು. “ಯವ್ವಾ, ಎರಡರಲ್ಲಿ ಯಾವುದನ್ನ ಬಿಡಲೇ?” ಅಂದಳು.

ಉತ್ತರೆ ಮಳೆಯಲ್ಲಿ ಅರಮನೆಯಿಂದ ಕರೆ ಬಂತು. ಹೋಗಿ ನೋಡುತ್ತಾಳೆ, ತೋಟವೆಲ್ಲ ಮದುವೆ ಮನೆ ಥರ ಕಾಣುತ್ತಿದೆ! ಕಾಯಿ ಚಿಕ್ಕದಾಗಿಯೇ ಇವೆ ಅಂತ ದೊರೆ ಮಂತ್ರಿ ಮೇಲೆ ಹರಿಹಾಯ್ದಿದ್ದನಂತೆ. “ಪಟ್ಟದ ಬಟ್ಟೆ ಕಟ್ಟಲಿಲ್ಲವಲ್ಲ ಮಹಾಪ್ರಭು” ಅಂತ ಮಂತ್ರಿ ಹೇಳಿದ್ದನಂತೆ. ಅವಳ ಹಿತ್ತಲಲ್ಲಿ ಒಂದಕ್ಕೆ ಹಳೇ ಚಿಂದಿ, ಅರಮನೆಯಲ್ಲಿ ಇನ್ನೂರು ಕಾಯಿಗೆ ಇನ್ನೂರು ರೇಷ್ಮೆ ಚೂರು! ರಾಣಿಯ ಪೀತಾಂಬರ ಹರಿದು ಕಟ್ಟಿದ್ದರು. ಹೆಬ್ಬೆರಳಿನಷ್ಟಿದ್ದ ಮಿಡಿಗಾಯಿಗೂ ಜರಿ ಅಂಚು. ಯಾರೂ ಒಂದು ಕಾಯಿ ಮುಟ್ಟಕೂಡದು ಅಂತ ಸುತ್ತ ಕತ್ತಿ ಹಿಡಿದ ಕಾವಲು.

ಹೊನ್ನಾಜಿ, “ಅಲ್ಲ ಬುದ್ಧೀ, ಎಲ್ಲಾದಕ್ಕೂ ಬಟ್ಟೆ ಕಟ್ಟಿದರೆ...” ಅಂತ ಬಾಯಿ ತೆಗೆದಳು.

“ಸುಮ್ಮನಿರೇ!” ಮಂತ್ರಿ ಗದರಿದ. “ಗುಟ್ಟು ಹೊರಬಿತ್ತು ಅಂತ ಹೊಟ್ಟೆಕಿಚ್ಚಾ?”

ಅವಳು ಇನ್ನೊಂದು ಸಲ ತೋಟ ನೋಡಿದಳು. ಇನ್ನೂರು ಕಾಯಿ. ಇನ್ನೂರೂ ಅವ್ವನದೇ. ಇನ್ನೂರಕ್ಕೂ ಬಟ್ಟೆ ಕಟ್ಟಿದೆ, ಮೇಲೆ ಹಗಲೂ ರಾತ್ರಿ ಕಾವಲು ಬೇರೆ. ಸೆರಗನ್ನ ಬಾಯಿಗೆ ತುರುಕಿಕೊಂಡು ಮನೆಗೆ ಓಡಿದಳು. ಅಳು ಅಂದುಕೊಂಡರು ಕಾವಲುಗಾರರು.

ಮನೆಗೆ ಬಂದವಳೇ ಕುಡುಗೋಲು ತಗೊಂಡು ಹಿತ್ತಲಿಗೆ ಹೋದಳು. ಕಾಯಿ ಇನ್ನೂ ಉಗುರು ಇಳಿಯುವಷ್ಟು ಎಳಸಾಗಿತ್ತು. ತೊಟ್ಟು ಹಿಡಿದು ಕೊಯ್ದಳು. ಬೇಲಿ ಆಚೆಯಿಂದ ನೋಡಿದ ಸಾಕವ್ವ ಎದೆ ಬಡಕೊಂಡಳು. “ಅಯ್ಯಯ್ಯೋ ಅಕ್ಕಾ! ಬಟ್ಟೆ ಕಟ್ಟಿದ ಕಾಯಿ ಕೊಯ್ದೆಯಲ್ಲೇ, ಕೈ ಹೆಂಗೆ ಬಂತೇ ನಿಂಗೆ?”

“ನನ್ನ ಬೀಜದ ಕಾಯಿಯನ್ನ ಈ ವರ್ಷ ದೊರೆ ಕಾಯ್ತಾವ್ನೆ ಕಣೆ. ಬಾ ಒಳಗೆ, ಉಣ್ಣೋಳಂತೆ.” ಅವತ್ತು ಬೀದಿಗೆಲ್ಲ ಸೋರೆಕಾಯಿ ಹುಳಿ.

ಹಸ್ತ ಹೋಯಿತು, ಚಿತ್ತೆ ಹೋಯಿತು, ಸ್ವಾತಿ ಹೋಯಿತು. ಮಾಗಿ ಚಳಿ ಬಂತು. ಅರಮನೆ ಕಾಯಿ ಊದಿ ಊದಿ ಕೊಡಪಾನವಾದವು, ಆಮೇಲೆ ಬಿಳಿಚಿಕೊಂಡವು. “ಪಕ್ವದ ಬಣ್ಣ ಮಹಾಪ್ರಭು” ಅಂದ ಮಂತ್ರಿ.

ಸಂಕ್ರಾಂತಿಗೆ ಉದ್ದಂಡರಾಯ ಏಳು ಸೀಮೆ ದೊರೆಗಳನ್ನ ತನ್ನ ತೋಟದ ಸೋರೆಕಾಯಿ ಊಟಕ್ಕೆ ಕರೆದಿದ್ದ. ಅವರೆದುರೇ ಅಳತೆ ನಡೆಯಿತು. ಅರಮನೆಯ ಕಾಯಿಯನ್ನ ಇಬ್ಬರು ಹೊತ್ತು ತಂದರು. ಹೊನ್ನಾಜಿ ಮೊರದಲ್ಲಿ ತನ್ನ ಬಳ್ಳಿಯ ಕಡೇ ಕಾಯಿ ತಂದಿಟ್ಟಳು. ಬದನೆಕಾಯಿಯಷ್ಟಿತ್ತು. ಏಳು ದೊರೆಗಳೂ ಗೊಳ್ ಅಂತ ನಕ್ಕರು. ಉದ್ದಂಡರಾಯ ಹಿಗ್ಗಿ ಹೀರೆಕಾಯಿಯಾಗಿ, “ಹೋಗೇ, ನಿನ್ನ ಹಿತ್ತಲು ನೀನೇ ಇಟ್ಟುಕೊಂಡು ಸಾಯಿ! ಇಂಥ ದರಿದ್ರ ಹಿತ್ತಲು ಅರಮನೆಗೆ ಯಾಕೆ?” ಅಂತ ಎಲ್ಲರಿಗೂ ಕೇಳೋ ಹಂಗೆ ಕೂಗಿ ಹೇಳಿದ. ಹೊನ್ನಾಜಿ ನೆಲ ಮುಟ್ಟಿ ಕೈ ಮುಗಿದಳು. ಇಷ್ಟು ಮನಸಾರೆ ಅವಳು ಯಾವ ದೊರೆಗೂ ಕೈ ಮುಗಿದಿರಲಿಲ್ಲ.

ಆಮೇಲೆ ಊಟ. ಎಲೆ ಹಾಕಿದ ಮೇಲೆ ಏಳು ದೊರೆಗಳು ಕೂತರು. ಒಳಗೆ ಅಡುಗೆಯವನು ಈಳಿಗೆಗೆ ಕಾಯಿ ಒತ್ತಿದ, ಈಳಿಗೆ ಜಾರಿತು. ಮಚ್ಚು ತಂದ, ಮಚ್ಚು ಟಣ್ ಅಂತು. ಕೊಡಲಿ ತಂದು ಹೊಡೆದ ಮೇಲೆ ಒಡೆಯಿತು. ಒಳಗೆ ತಿರುಳಿಲ್ಲ, ಬರೀ ಒಣಗಿದ ಬೀಜ. ಇನ್ನೂರು ಕಾಯಿಯೂ ಅಷ್ಟೇ. ಎಲೆ ಮೇಲೆ ಉಪ್ಪು ಬಿಟ್ಟರೆ ಇನ್ನೇನೂ ಬೀಳಲಿಲ್ಲ.

“ಮೋಸ! ಆ ಹೆಂಗಸನ್ನ ಹಿಡೀರಿ!” ಅಂತ ದೊರೆ ಎದ್ದ.

ಹೊನ್ನಾಜಿ ಅಲ್ಲೇ ಬಾಗಿಲಲ್ಲಿದ್ದಳು. “ಬುದ್ಧೀ, ಮೊದಲನೇ ದಿವಸವೇ ಹೇಳಿದ್ದೆನಲ್ಲ, ಬಟ್ಟೆ ಕಟ್ಟೋದು ಬೀಜಕ್ಕೆ ಅಂತ. ನೀವು ಇನ್ನೂರಕ್ಕೂ ಕಟ್ಟಿಸಿದಿರಿ. ಸೀಮೆಗೆಲ್ಲ ಸುದ್ದಿ ಹೋಗಿದೆ. ಕೇಳೋರು ಬಂದವ್ರೆ.” ಅವಳ ಹಿಂದೆ ಏಳೂರ ಹೆಂಗಸರು ಸೆರಗೊಡ್ಡಿ ನಿಂತಿದ್ದರು. ಬಾಗಿಲಿಂದ ಊರಬಾಗಿಲವರೆಗೂ ಸಾಲು.

ಅತಿಥಿ ದೊರೆಗಳಲ್ಲೊಬ್ಬ, “ಏನಯ್ಯ ಮಂತ್ರಿ, ಏನಿದು?” ಅಂತ ಕೇಳಿದ.

ಮಂತ್ರಿಗೆ ‘ಗೊತ್ತಿಲ್ಲ’ ಅನ್ನೋಕೆ ಬರುತ್ತಾ? “ಬೀಜದಾನ ಸ್ವಾಮಿ! ನಮ್ಮ ಮಹಾಪ್ರಭುಗಳು ಪ್ರಜೆಗಳಿಗಾಗಿ ಒಂದು ವರ್ಷ ಪಲ್ಯ ಬಿಟ್ಟು ಬೆಳೆಸಿದ್ದು!” ಅಂದ. ಏಳು ದೊರೆಗಳೂ ‘ಭಲೇ’ ಅಂದರು. ಭಲೇ ಅಂದಮೇಲೆ ಉದ್ದಂಡರಾಯ ಇನ್ನೇನು ಮಾಡಿಯಾನು? ಹಸಿದ ಹೊಟ್ಟೆಯಲ್ಲೇ ನಗು ತಂದುಕೊಂಡು ಸಂಜೆವರೆಗೂ ನಿಂತು ತನ್ನ ಕೈಯಾರ ಬೀಜ ಹಂಚಿದ. ಮೊದಲ ಹಿಡಿ ಬಿದ್ದದ್ದು ಹೊನ್ನಾಜಿಯ ಸೆರಗಿಗೆ. ಅವಳು ಅದನ್ನ ಮಗುವಿನ ಹಂಗೆ ಎದೆಗವಚಿಕೊಂಡು ಜನರ ಮುಂದೆಯೇ ಅತ್ತುಬಿಟ್ಟಳು.

ದಾರಿಯಲ್ಲಿ ಸಾಕವ್ವ ತನ್ನ ಗಂಟನ್ನ ಅವಳ ಕಡೆ ಚಾಚಿದಳಂತೆ. “ಅಕ್ಕಾ, ಇದನ್ನೂ ನಿನ್ನ ಕುಡಿಕೆಗೇ ಹಾಕ್ಕೋ. ನಾನು ಎಲ್ಲಾದರೂ ಕಳಕೊಂಡೇನು. ಬೇಕಾದಾಗ ನಿನ್ನ ಹತ್ರ ಬಂದರಾಯ್ತು.”

ಹೊನ್ನಾಜಿ ಗಂಟನ್ನ ವಾಪಸ್ ತಳ್ಳಿದಳು. “ಮುಟ್ಟಲ್ಲ ಕಣೆ. ನಿನ್ನ ಬೀಜ ನೀನೇ ಕಾಯ್ಕೋ. ಈ ಸಲ ನಾವು ಉಳಿದದ್ದು ನನ್ನ ಜಾಣತನದಿಂದಲ್ಲ, ದೊರೆಯ ದಡ್ಡತನದಿಂದ. ವರ್ಷ ವರ್ಷ ಅಂಥ ದಡ್ಡ ದೊರೆ ಸಿಗ್ತಾನೇನೆ?”

ಅಯ್ಯೋ, ದೊರೆಗೇನು ಬರ, ಬೇಕಾದಷ್ಟು ಸಿಗ್ತಾರೆ. ಬೀಜ ಸಿಗಲ್ಲ.

ಅವರು ಅಲ್ಲಿ ಉಂಡು ತೇಗುತಾವ್ರೆ, ನಾವಿಲ್ಲಿ ಕತೆ ಹೇಳಿ ಹಸಕೊಂಡಿದ್ದೀವಿ. ಏಳ್ರಪ್ಪ, ಒಲೆ ಹಚ್ಚೋಣ.