ಪಾಕದ ಹದ ಬಲ್ಲ ಕೈ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ತಾಯಿಗೆ ಕಾಯಿಲೆಯೆಂದು ಊರಿನಿಂದ ಮೂರು ಸಲ ಹೇಳಿಕಳಿಸಿದರು. ಮೊದಲ ಸಲ ಸಂಕಟವಾಯಿತು. ಎರಡನೆಯ ಸಲ ಸ್ವಲ್ಪ. ಈ ಸಲ ಏನೂ ಅನ್ನಿಸಲಿಲ್ಲ. ನನಗೆ ವೈರಾಗ್ಯ ಸಿದ್ಧಿಸಿತೇ?"

"ಏನೂ ಅನ್ನಿಸದಿರುವುದೇ ವೈರಾಗ್ಯವಾದರೆ ಅಂಗಳದ ಒರಳುಕಲ್ಲನ್ನು ಪೀಠದ ಮೇಲೆ ಕೂರಿಸಬೇಕಾಗುತ್ತದೆ. ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನೊಬ್ಬನಿದ್ದ. ಪಾಕದ ಹದವನ್ನು ಕೈಯಿಂದಲೇ ನೋಡಬೇಕು. ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕವನ್ನು ಚಿಟಿಕೆಯಷ್ಟು ಎತ್ತಿ, ಮತ್ತೆ ತಣ್ಣೀರಿಗೆ ಬಿಡಬೇಕು. ಉಂಡೆಗಟ್ಟಿದರೆ ಹದ ಬಂತು. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಒಂದು ವರ್ಷ ಅವನ ಬಲಗೈ ಜುಮ್ಮೆನ್ನತೊಡಗಿತು. ಮೊಣಕೈ ಬಳಿ ಬಿಳಿಚಿದ ಮಚ್ಚೆಯೊಂದು ಕಾಣಿಸಿತು. ಆಲೆ ನಡೆಯುವ ಕಾಲ, ಯಾರಿಗೂ ತೋರಿಸಲಿಲ್ಲ. ಕೆಲವು ತಿಂಗಳಲ್ಲಿ ಜುಮ್ಮು ನಿಂತಿತು. ವಾಸಿಯಾಯಿತೆಂದುಕೊಂಡ. ಆಮೇಲೆ ಅವನಿಗೆ ತಣ್ಣೀರೇ ಬೇಕಾಗಲಿಲ್ಲ. ಒಣಬೆರಳನ್ನೇ ಪಾಕಕ್ಕೆ ಇಡುತ್ತಿದ್ದ. ಬೊಬ್ಬೆ ಎದ್ದರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಇವನಿಗೆ ಬೆಂಕಿಯೂ ಸುಡದೆಂದು ಜನ ಕೈಮುಗಿದರು. ಅವನೂ ನಂಬಿದ. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ?

ಅವನಿಗೆ ಎರಡು ತಿಂಗಳ ಹೆಣ್ಣುಮಗುವಿತ್ತು. ಒಂದು ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿದಳು. ನೀರು ಹುಯ್ಯುತ್ತಿದ್ದ ಅತ್ತೆ ಅಂದು ಊರಲ್ಲಿರಲಿಲ್ಲ. ಗಂಡನನ್ನು ಕರೆದಳು.

"ಪಾಕದ ಹದ ಬಲ್ಲೋರಿಗೆ ನೀರಿನ ಹದ ಗೊತ್ತಾಗಲ್ವಾ? ನೋಡ್ಬುಟ್ಟು ಹುಯ್ಯಿ."

ಅವನು ಹಂಡೆಗೆ ಬಲಗೈ ಅದ್ದಿ ನೋಡಿದ. ಹದವಾಗಿದೆ ಅನ್ನಿಸಿತು. ಚೊಂಬು ತುಂಬಿ ಹುಯ್ದ. ತಾಯಿ, ಮಗು ಒಟ್ಟಿಗೆ ಚೀರಿದರು.

ಮಗು ಆಸ್ಪತ್ರೆಯಲ್ಲಿ ಮೂರು ದಿನ ಬದುಕಿತ್ತು. ಆ ಮೂರು ದಿನ ಆ ಹಾಸಿಗೆಯ ಬಳಿ ಇರುವುದು ಯಾರಿಗೂ ಬೇಡ.

ಅಲ್ಲೇ ಡಾಕ್ಟರು ಅವನ ಕೈಯನ್ನೂ ನೋಡಿದರು. ಸೂಜಿ ಚುಚ್ಚಿದರು. ಅವನು ಕೈ ಎಳೆದುಕೊಳ್ಳಲಿಲ್ಲ.

"ನಿನ್ನ ಮಿದುಳು ಸರಿಯಾಗಿದೆ, ಕೈಯಲ್ಲೂ ಬಲವಿದೆ," ಎಂದರು. "ನಡುವೆ ಸುದ್ದಿ ಒಯ್ಯುವ ನರ ಕುಷ್ಠದಿಂದ ಸತ್ತಿದೆ. ಬೆರಳಿಗೆ ಬಿಸಿ ತಾಗಿದರೆ ನರ ಅದನ್ನು ಬೆನ್ನುಹುರಿಗೆ ಮುಟ್ಟಿಸುತ್ತದೆ. ಮಿದುಳಿಗೆ ತಿಳಿಯುವ ಮುಂಚೆಯೇ ಬೆನ್ನುಹುರಿ ಕೈಯನ್ನು ಹಿಂದಕ್ಕೆ ಎಳೆಸುತ್ತದೆ. ನಿನ್ನಲ್ಲಿ ಸುದ್ದಿ ಹೊರಡಲೇ ಇಲ್ಲ. ಜುಮ್ಮು ಅಂದಾಗಲೇ ಬಂದಿದ್ದರೆ ನರ ಉಳಿಸಬಹುದಿತ್ತು. ಜುಮ್ಮು ನಿಂತದ್ದು ವಾಸಿಯಾಗಿ ಅಲ್ಲ."

ಅವನು ಡಾಕ್ಟರ ಕಾಲು ಹಿಡಿದುಕೊಂಡ. "ಆ ಉರಿ ವಾಪಸ್ ಬರಂಗೆ ಮಾಡಿ ಸ್ವಾಮಿ. ಒಂದೇ ಒಂದ್ ಕಿತ ಸುಡ್ಲಿ."

ಡಾಕ್ಟರು ಕಾಲು ಬಿಡಿಸಿಕೊಂಡು ಪಕ್ಕದ ಹಾಸಿಗೆಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು.

"ಅವನಿಗಾದರೂ ರೋಗವಿತ್ತು," ಎಂದರು ಗುರುಗಳು, "ನಿನಗೇನಾಗಿದೆ?"