ಎತ್ತಿನ ಮುಂದೆ ಮೋಟಾರು

ಪಾರ್ಕಿನ್ಸನ್ ದೊರೆ ಇಂಗ್ಲೆಂಡಿನಿಂದ ಹೊಸ ಮೋಟಾರು ತರಿಸಿದ್ದ. "ಇದು ಘಾಟಿ ಹತ್ತಿದ ಮರುದಿನದಿಂದ ಈ ರಸ್ತೆಯಲ್ಲಿ ಎತ್ತಿನ ಗಾಡಿ ಕಾಣಿಸಕೂಡದು" ಎಂದು ಡಂಗುರ ಹೊಡೆಸಿದ. ಗಾಡಿ ಹೊಡೆಯುವ ದ್ಯಾವಣ್ಣನಿಗೆ ಇನ್ನು ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಅನ್ನಿಸಿತು.

ಮೋಟಾರು ಗುಡುಗಿಕೊಂಡು ಹೊರಟಿತು. ಅರ್ಧ ಏರಿನಲ್ಲಿ ಕೆಮ್ಮಿ, ಹೊಗೆ ಬಿಟ್ಟು, ನಿಂತೇಬಿಟ್ಟಿತು. ಮೇಲೆ ತಿರುವಿನಾಚೆ ದೊರೆಸಾನಿಯೂ ಕ್ಲಬ್ಬಿನ ಬಿಳಿಯರೂ ಹಾರ ಹಿಡಿದು ಕಾಯುತ್ತಿದ್ದರು.

ಹಿಂದೆಯೇ ಗಾಡಿ ಹೊಡೆದುಕೊಂಡು ಬಂದ ದ್ಯಾವಣ್ಣನನ್ನು ದೊರೆ ತಡೆದ.

"ಎತ್ತು ಕಟ್ಟಿ ಎಳೆಸು. ಆದರೆ ಎತ್ತು ಮೋಟಾರಿನ ಮುಂದಿತ್ತು ಅಂತ ಯಾರಾದರೂ ಅಂದರೆ ನಿನ್ನ ಚರ್ಮ ಸುಲಿಸ್ತೀನಿ!"

"ಹಿಂದೇನೇ ಕಟ್ತೀನಿ ಬುದ್ಧಿ. ನಮ್ಮ ಗಾಡಿಗಳ್ನ ಮಾತ್ರ ತಡೀಬಾರ್ದು."

"ಆಯ್ತು, ಬೇಗ!"

ದ್ಯಾವಣ್ಣ ಜೊತೆಯ ಗಾಡಿಯವರನ್ನು ಕರೆದು ಮೋಟಾರನ್ನೇ ತಿರುಗಿಸಿದ. ಮೂತಿ ಇಳಿಜಾರಿಗೆ, ಬೆನ್ನು ಏರಿಗೆ. ಹಿಂಬದಿಗೆ ಹಗ್ಗ ಬಿಗಿದು ಎತ್ತು ಹೂಡಿದ. ದೊರೆ ಬಂದ ದಾರಿಯನ್ನೇ ನೋಡುತ್ತ, ಠೀವಿಯಿಂದ ಕೂತು ಘಾಟಿ ಹತ್ತಿದ.

ಮೇಲಿದ್ದವರಿಗೆ ಮೊದಲು ಕಂಡದ್ದು ಎರಡು ಜೊತೆ ಕೊಂಬು. ಆಮೇಲೆ ದೊರೆಯ ಬೆನ್ನು. ಎಲ್ಲರೂ ಗೊಳ್ಳೆಂದು ನಕ್ಕರು.

"ಎತ್ತು ಹಿಂದಿದೆ! ಮೋಟಾರಿನ ಹಿಂದೆ!" ದೊರೆ ಕಿರುಚಿದ.

"ದಿಟ ಅಮ್ಮಾವ್ರೇ," ಎಂದು ದ್ಯಾವಣ್ಣ ದೊರೆಸಾನಿಗೆ ಕೈಮುಗಿದ. "ಬುದ್ಧಿಯೋರ ಮೋಟಾರೇ ಮುಂದೆ. ಎತ್ತು ಪಾಪ, ಹಿಂದಿದ್ದುಕೊಂಡೇ ಮೊದಲು ಮುಟ್ಟಿದ್ವು."

ದೊರೆಸಾನಿ ಗಂಡನ ಬೆನ್ನು ನೋಡಿದಳು. ತನ್ನೆದುರಿಗಿದ್ದ ಎತ್ತಿನ ಮುಖ ನೋಡಿದಳು. ಹಾರವನ್ನು ಬಲಗಡೆಯ ಎತ್ತಿನ ಕೊರಳಿಗೆ ಹಾಕಿದಳು.

ಅದೇ ಹಾರ ಹಾಕಿಕೊಂಡು ಆ ಎತ್ತು ಮಾರನೆಯ ದಿನ ಗಾಡಿ ಎಳೆಯುತ್ತ ಘಾಟಿ ಹತ್ತಿತು. ತಡೆಯುವುದಕ್ಕೆ ದೊರೆ ಮನೆಯಿಂದ ಹೊರಗೇ ಬಂದಿರಲಿಲ್ಲ.