ಗಂಡುಬಾತಿನ ವಿರಹಗೀತೆ

ಚೀನಾದ ಹಳೆಯ ಕಥೆಗಳಲ್ಲಿ ಒಳ್ಳೆಯ ಗಂಡನೆಂದರೆ ಬಣ್ಣದ ಬಾತು. ಹೆಂಡತಿ ಸತ್ತರೆ ಅದು ಕೊರಗಿ ಕೊರಗಿ ಪ್ರಾಣ ಬಿಡುತ್ತದಂತೆ. ಈ ಮಾತನ್ನು ನಂಬಿ ಮದುವೆಯಾಗಿದ್ದ ಹೆಣ್ಣುಬಾತೊಂದು ಈಗ ಮರದ ಪೊಟರೆಯಲ್ಲಿ ಮೊಟ್ಟೆಗಳ ಮೇಲೆ ಹಸಿದು ಕೂತಿತ್ತು. ಎದ್ದು ಹೋದರೆ ಮೊಟ್ಟೆಗಳು ತಣ್ಣಗಾಗುತ್ತವೆ, ಹೋಗದಿದ್ದರೆ ತನ್ನ ಜೀವವೇ ಹೋಗುತ್ತದೆ.

ಕೆಳಗೆ ಕೊಳದಲ್ಲಿ ಗಂಡುಬಾತು ಗರಿ ತೀಡಿಕೊಳ್ಳುತ್ತಾ ಪದ್ಯ ಕಟ್ಟುತ್ತಿತ್ತು.

"ರೀ, ಸ್ವಲ್ಪ ಹೊತ್ತು ಕಾವಿಗೆ ಕೂರಿ. ಏನಾದರೂ ತಿಂದು ಬರುತ್ತೇನೆ."

"ಗರಿ ಮುದುರುತ್ತದೆ ಕಣೇ. ನೀನೇನೂ ಹೆದರಬೇಡ. ನೀನು ಸತ್ತರೆ ಇನ್ನೊಬ್ಬಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ವಿರಹಗೀತೆ ಆಗಲೇ ಅರ್ಧ ಮುಗಿದಿದೆ."

ಪಕ್ಕದ ಕೊಂಬೆಯ ಗೂಡಿನಲ್ಲಿ ಕಾಗೆಯೊಂದು ಕಾವು ಕೂತ ಹೆಂಡತಿಗೆ ಹುಳು ತಿನ್ನಿಸುತ್ತಿತ್ತು.

"ಇಷ್ಟು ತಡವೇ? ಅದೂ ಇಂಥ ಬಡಕಲು ಹುಳುವೇ?" ಎಂದು ಅವಳು ಬೈದಳು. ಕಾಗೆ ಮತ್ತೊಂದು ತರಲು ಹೊರಟಿತು.

"ಕಾಗಣ್ಣ, ನನಗೂ ಒಂದು ತರುತ್ತೀಯಾ?" ಎಂದಿತು ಹೆಣ್ಣುಬಾತು.

ಕಾಗೆ ತಂದುಕೊಟ್ಟಿತು. ಗಂಡುಬಾತಿಗೆ ರೇಗಿತು. "ನೀನು ಹೀಗೆ ಬದುಕಿಕೊಂಡರೆ ನನ್ನ ಪದ್ಯದ ಗತಿಯೇನು?"

ಹೆಣ್ಣುಬಾತು ಹುಳುವನ್ನು ಪೂರ್ತಿ ನುಂಗಿ ಹೇಳಿತು: "ಧಾರಾಳವಾಗಿ ಮುಗಿಸಿ. ನಿಮಗಿನ್ನು ಹೆಂಡತಿ ಇಲ್ಲ."